ಹದ್ದು ಮೀರಿದ ಮಾತು

ತೆಲಂಗಾಣದ ಮಕ್ತಲ್ ಕಡೆಯ ಕನ್ನಡದ ಅವ್ವ ಎದುರು ಮಾತಾಡುವ ಮಗನಿಗೆ “ಹದ್ದು ಮೀರಬ್ಯಾಡಲೇ” ಅಂತಾಳೆ. ಪಕ್ಕದ ಮನೆಯ ತೆಲುಗು ಅಮ್ಮನ ಬಾಯಲ್ಲಿ ಅದೇ “ಹದ್ದು ಮೀರಕು”. ಎರಡು ಭಾಷೆಯ ನಡುವೆ ಒಂದು ಪ್ರತ್ಯಯದಷ್ಟೇ ಅಂತರ. ಬೈಸಿಕೊಂಡವನಿಗೆ ಅದೂ ತಿಳಿಯಲಿಕ್ಕಿಲ್ಲ.

ಈ ಹದ್ದು ಆಕಾಶದ ಹದ್ದಲ್ಲ. ಹಕ್ಕಿಯ ಹೆಸರು ಹಳಗನ್ನಡದ ‘ಪರ್ದು’, ನೆಲದ ಮಾತು. ಗದರಿಕೆಯ ಹದ್ದು ಬಂದದ್ದು ಅರಬ್ಬಿಯಿಂದ. ಅಲ್ಲಿ ‘ಹದ್ದ್’ ಎಂದರೆ ಅಂಚು, ಗಡಿ. ಕತ್ತಿಯ ಅಲಗಿಗೂ ಅದೇ ಮಾತು. ಫಾರಸಿಯವರು ಅದಕ್ಕೆ ತಲೆ ಎಂಬರ್ಥದ ‘ಸರ್’ ಸೇರಿಸಿ ‘ಸರ್‌ಹದ್’ ಮಾಡಿದರು. ನಾವು ‘ಸರಹದ್ದು’ ಅಂದೆವು, ತೆಲುಗರು ‘ಸರಿಹದ್ದು’ ಅಂದರು. ಗಡಿ ಅಂದಮೇಲೆ ಸರಿಯಾಗಿರಬೇಕು ಎಂಬ ನಂಬಿಕೆಯೇ ಆ ಇಕಾರವನ್ನು ಒಳಗೆ ಬಿಟ್ಟುಕೊಂಡಿರಬೇಕು ಎಂದು ನನ್ನ ಗುಮಾನಿ.

ಮಾತು ನೀತಿಯಾಗುವ ಮೊದಲು ಹೊಲದಲ್ಲಿತ್ತು. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಹೈದರಾಬಾದ್ ಸಂಸ್ಥಾನದವು. ಗದ್ವಾಲದಲ್ಲಿ ನಿಜಾಮರ ಕೈಕೆಳಗೆ ಸ್ವಂತ ರಾಜಮನೆತನವೂ ಇತ್ತು. ಕಚೇರಿಯ ಭಾಷೆ ಮೊದಲು ಫಾರಸಿ, 19ನೇ ಶತಮಾನದ ಕೊನೆಯ ಭಾಗದಿಂದ ಉರ್ದು. ರೈತ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿದರೂ ಅವನ ಹೊಲದ ಕಾಗದ ಆಡುತ್ತಿದ್ದದ್ದು ಉರ್ದು. ಬದುವಿನ ಜಗಳ ಚಾವಡಿ ಹತ್ತಿದಾಗ ‘ಎಲ್ಲೆ’ ಎಂಬ ಹಳೆಯ ಮಾತು ಹಿಂದೆ ಸರಿದು ‘ಹದ್ದು’ ಮುಂದೆ ಬಂತು.

ಬದುವಿನ ಜಗಳ ಕಂಡವರಿಗೆ ಇದು ಗೊತ್ತು. ಒಬ್ಬ ಉಳುವಾಗ ನೇಗಿಲನ್ನು ಒಂದು ಸಾಲು ಆಚೆ ಒತ್ತುತ್ತಾನೆ. ಮರುವರ್ಷ ಇನ್ನೊಂದು ಸಾಲು. ಕೆಲವೇ ವರ್ಷಗಳಲ್ಲಿ ಬದು ತೆಳ್ಳಗಾಗಿ ಕಲ್ಲು ವಾಲುತ್ತದೆ. ಆಗ ಬೇಕಾಗುವುದು ‘ಹದ್ದುಬಸ್ತು’. ಬಸ್ತು ಎಂದರೆ ಫಾರಸಿಯಲ್ಲಿ ಕಟ್ಟಿದ್ದು. ಬಂದೋಬಸ್ತಿನ ಬಾಲವೂ ಅದೇ. ಕರ್ನಾಟಕದ ಭೂಮಾಪನ ಇಲಾಖೆಗೆ ಇಂದಿಗೂ ‘ಹದ್ದುಬಸ್ತು’ ಅರ್ಜಿಯೇ ಹೋಗುತ್ತದೆ: ಅಕ್ಕಪಕ್ಕದವರಿಗೆ ನೋಟಿಸು, ಭೂಮಾಪಕರ ಅಳತೆ, ಗಡಿಯ ಗುರುತು. ಹಳೆಯ ಲೆಕ್ಕದಲ್ಲಿ 33 ಅಡಿಯ ಸರಪಳಿ, ಅದರ ಚೌಕ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ತೆಲಂಗಾಣದ ರೈತನೂ ಗುಂಟೆಯಲ್ಲೇ ಎಣಿಸುತ್ತಾನೆ. ಅದೇ ಹದ್ದುಬಸ್ತು ಕಚೇರಿ ದಾಟಿ ಮನೆಗೆ ಬಂದು, “ಮಗನ್ನ ಹದ್ದುಬಸ್ತಿನಾಗ ಇಡು” ಎಂಬ ಬುದ್ಧಿಮಾತಾಯಿತು.

ಅತಿಯನ್ನು ಗಡಿಯಿಂದ ಅಳೆಯುವ ಚಾಳಿ ಹೊರಗಿನಿಂದ ಕಲಿತದ್ದೇನಲ್ಲ. ‘ಎಲ್ಲೆ ಮೀರು’ ನಮ್ಮಲ್ಲಿ ಮೊದಲೇ ಇತ್ತು. ಸಂಸ್ಕೃತದ ‘ಮರ್ಯಾದೆ’ಯ ಮೂಲ ಅರ್ಥವೂ ಗಡಿ, ದಡ; ಗೌರವ ಎಂಬ ಅರ್ಥ ಆಮೇಲೆ ಬೆಳೆದದ್ದು. ‘ಸೀಮೆ’ಯ ಕಥೆ ಇನ್ನೂ ವಿಚಿತ್ರ. ಗೆರೆ ಎಂಬ ಅರ್ಥ ಬೈತಲೆಯಲ್ಲೂ ಉಂಟು, ಸೀಮಂತ ಅಂದರೆ ಅದೇ. ಗೆರೆ ಗಡಿಯಾಯಿತು, ಗಡಿಯೊಳಗಿನ ನಾಡಾಯಿತು, ಕೊನೆಗೆ ಪರನಾಡೇ ಆಗಿ ಸೀಮೆಎಣ್ಣೆ, ಸೀಮೆಸುಣ್ಣಗಳಿಗೆ ಅಂಟಿಕೊಂಡಿತು. ಹದ್ದು ಮೀರಿದ ಪದ ಅಂದರೆ ಇದು!

ಇಂಗ್ಲಿಷಿನ ಅತಿಯ ಮಾತುಗಳಲ್ಲೂ ಲ್ಯಾಟಿನ್ ಒಕ್ಕಲುತನದ ಮಣ್ಣು ಹತ್ತಿದೆ. ಬೆಲೆ ವಿಪರೀತವಾದರೆ ‘ಎಕ್ಸಾರ್ಬಿಟೆಂಟ್’ ಅನ್ನುತ್ತಾರೆ. ಮೂಲದಲ್ಲಿ ಅದು ಗಾಲಿಯ ಜಾಡು ಬಿಟ್ಟ ಬಂಡಿ. ಜ್ವರದಲ್ಲಿ ಬಡಬಡಿಸುವ ‘ಡಿಲಿರಿಯಮ್’ ನೇಗಿಲು ಸಾಲು ತಪ್ಪಿದ್ದು. ‘ಎಕ್ಸ್‌ಟ್ರಾವಗೆಂಟ್’ ಮೇರೆಯಾಚೆ ಅಲೆದವನು. ‘ಔಟ್‌ರೇಜ್’ ಎಂಬುದರಲ್ಲಿ ಔಟೂ ಇಲ್ಲ, ರೇಜೂ ಇಲ್ಲ. ‘ಆಚೆ’ ಎಂಬರ್ಥದ ಲ್ಯಾಟಿನ್ ‘ಅಲ್ಟ್ರಾ’ ಫ್ರೆಂಚಿನ ಬಾಯಿಗೆ ಬಿದ್ದು ಹಾಗಾಗಿದೆ. ಕೋಪದ ಬಣ್ಣ ಆಮೇಲೆ ಮೆತ್ತಿಕೊಂಡಿತು.

ಇತ್ತ ಗಡಿಯೇ ಜಾಗ ಬದಲಿಸಿತು. 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆ ರಾಯಚೂರು ಜಿಲ್ಲೆಯನ್ನು ಮೈಸೂರಿಗೆ ಕೊಡುವಾಗ ಆಲಂಪುರ, ಗದ್ವಾಲ ತಾಲ್ಲೂಕುಗಳನ್ನು ಹೊರಗಿಟ್ಟಿತು. ನಾರಾಯಣಪೇಟೆ, ಮಕ್ತಲ್ ಮಹಬೂಬನಗರದ ಜೊತೆ ಆಂಧ್ರಕ್ಕೆ ಹೋದವು. ತೆಲಂಗಾಣ ಬಂದ ಮೇಲೆ 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಗಳಾದವು. ಇಷ್ಟು ಸಲ ಗೆರೆ ಎಳೆದರೂ ‘ಹದ್ದು’ ಎಂಬ ಮಾತು ಎರಡೂ ಕಡೆ ಉಳಿದುಕೊಂಡಿತು.

ನಮ್ಮ ಪತ್ರಿಕೆಗಳು ಮಾತ್ರ ಎಲ್ಲದಕ್ಕೂ ‘ಅತಿರೇಕ’ ಎಂದು ಬರೆದು ಕೈ ತೊಳೆದುಕೊಳ್ಳುತ್ತವೆ. ಮಿಕ್ಕಿ ಉಳಿದದ್ದು ಎಂಬರ್ಥದ ಆ ಪದದಲ್ಲಿ ತಪ್ಪಿಲ್ಲ, ಆದರೆ ಯಾರ ಹೊಲಕ್ಕೆ ಯಾರು ನುಗ್ಗಿದರು ಎಂಬುದು ಅದರಲ್ಲಿ ಕಾಣುವುದಿಲ್ಲ. ಹದ್ದು ಮೀರಿದ ಅಂದಾಗ ಒಂದು ಬದು, ಆಚೆ ಒಬ್ಬ ನೆರೆಯವ ತಾನಾಗಿಯೇ ಬರುತ್ತಾರೆ. ಉಪಸಂಪಾದಕರು ಶೀರ್ಷಿಕೆ ಕೊಡುವಾಗ ಮಕ್ತಲಿನ ಅವ್ವನ ಮಾತನ್ನು ಒಮ್ಮೆ ಬಳಸಿ ನೋಡಲಿ.