ಪಾಲುದಾರ ಪಾಲು ಮಾರಿದಾಗ

ನಮ್ಮ ಮಹಾಗಾಂವ ಕಡೆ ಅಣ್ಣತಮ್ಮಂದಿರ ಹೊಲದಾಗ ಒಬ್ಬ ಪಟ್ಟಣ ಸೇರಿದವ ತನ್ನ ಪಾಲು ದೊಡ್ಡ ಸಾಹುಕಾರನಿಗೆ ಮಾರಿದನೆಂದರೆ ಉಳಿದವರ ನಿದ್ದೆ ಹೋದಂತೆಯೇ. 2019ರ ಮಾರ್ಚ್‌ನಲ್ಲಿ ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಗೆ ಆದದ್ದೂ ಹೆಚ್ಚುಕಡಿಮೆ ಇದೇ.

1999ರಲ್ಲಿ ಹತ್ತು ಮಂದಿ ಸೇರಿ ಕಟ್ಟಿದ ಕಂಪನಿ ಅದು. 2007ರಲ್ಲಿ 425 ರೂಪಾಯಿಗೆ ಷೇರು ಬಿಟ್ಟು ಪೇಟೆಗೆ ಬಂತು. ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಸ್ಥಾಪಕರ ಕೈಯಲ್ಲಿ ಉಳಿದದ್ದು ಶೇಕಡಾ 13ರ ಆಸುಪಾಸು. ಎಲ್ಲರಿಗಿಂತ ದೊಡ್ಡ ಪಾಲು, ಶೇಕಡಾ 20ರಷ್ಟು, ಕಾಫಿ ಡೇಯ ವಿ.ಜಿ. ಸಿದ್ಧಾರ್ಥ ಅವರದು. ಸಾಲ ಇಳಿಸಿಕೊಳ್ಳಲು ಅವರು ಅದನ್ನು ಎಲ್ ಅಂಡ್ ಟಿಗೆ ಕೊಟ್ಟರು, ಷೇರಿಗೆ 980ರಂತೆ, ಸುಮಾರು 3,269 ಕೋಟಿಗೆ.

ಒಬ್ಬರ ಪಾಲು ಶೇಕಡಾ 25 ಮುಟ್ಟಿದರೆ ಉಳಿದ ಷೇರುದಾರರಿಗೂ ‘ಕೊಡ್ತೀರೇನು’ ಅಂತ ಕೇಳಲೇಬೇಕು, ಅದು ಸೆಬಿ ನಿಯಮ. ಎಲ್ ಅಂಡ್ ಟಿ ಇನ್ನೂ ಶೇಕಡಾ 31ಕ್ಕೆ ಅದೇ 980ರ ಕರೆ ಕೊಟ್ಟಿತು. ಸ್ಥಾಪಕರು ಕೆರಳಿದರು. ಒಡಿಶಾ ಸರ್ಕಾರದ ಕೆಲಸದಲ್ಲಿದ್ದ ಸುಬ್ರತೋ ಬಾಗ್ಚಿ ಅದನ್ನು ಬಿಟ್ಟು ಓಡಿಬಂದರು. ಕಂಪನಿಯೇ ತನ್ನ ಷೇರು ಮರುಖರೀದಿ ಮಾಡುವ ಮಾತೂ ಎದ್ದಿತು, ಒಂದೇ ವಾರದಲ್ಲಿ ಬಿದ್ದೂಹೋಯಿತು.

ಆಗ ಬೆಂಗಳೂರಿನಿಂದ ನಮ್ಮ ಅಣ್ಣನ ಮಗನ ಫೋನು. ಅವನ ಹತ್ತಿರ 50 ಷೇರು. “ಕಾಕಾ, 980 ಕೊಡ್ತಾರಂತ. ಕೊಡ್ಲೋ, ಇಟ್ಕೊಳ್ಲೋ?”

“ತಡಿಯೋ, ಜಗಳ ಹತ್ತ್ಯಾದ, ರೇಟು ಇನ್ನೂ ಏರ್ತದ” ಅಂದೆ. ಅಲ್ಲೇ ನಾನು ಎಡವಿದ್ದು. ಮಾರಾಟದ ಸುದ್ದಿ ತಿಂಗಳುಗಟ್ಟಲೆ ಹರಿದಾಡಿ, ಪೇಟೆ ಬೆಲೆ ಆಗಲೇ 960ರ ಸುತ್ತ ಬಂದು ನಿಂತಿತ್ತು. ಆ ಬೆಲೆಯೊಳಗೆ ಕಂಪನಿಯ ದುಡಿಮೆ ಎಷ್ಟು, ಕೊಳ್ಳುವವ ಬರ್ತಾನೆಂಬ ಆಸೆ ಎಷ್ಟು ಅಂತ ನಾನು ಬಿಡಿಸಿ ನೋಡಿರಲಿಲ್ಲ. ಎದುರು ಸವಾಲು ಹಾಕುವವರು ಯಾರೂ ಬರಲಿಲ್ಲ. ಜೂನ್ ಕೊನೆಗೆ ಕರೆ ಮುಗಿಯಿತು, ಎಲ್ ಅಂಡ್ ಟಿ ಪಾಲು ಶೇಕಡಾ 60 ಮುಟ್ಟಿತು. ಜುಲೈನಲ್ಲಿ ಕೃಷ್ಣಕುಮಾರ್ ನಟರಾಜನ್, ಪಾರ್ಥಸಾರಥಿ, ರಾಸ್ಟೋ ರಾವಣನ್ ಮೂವರೂ ರಾಜೀನಾಮೆ ಕೊಟ್ಟರು. ಷೇರು 800ರ ಕೆಳಗೆ ಬಿತ್ತು. ಹುಡುಗ ಫೋನು ಮಾಡುವುದನ್ನೇ ಬಿಟ್ಟ.

ಮಾರಿಯೂ ಇರಲಿಲ್ಲ, ಹಟಕ್ಕೋ ಸಿಟ್ಟಿಗೋ. 2021ರ ಕೊನೆಗೆ ಅದೇ ಷೇರು 4,000 ದಾಟಿದಾಗ “ಕಾಕಾ ಹೇಳಿದ್ದಕ್ಕೇ ಇಟ್ಟಿದ್ದೆ” ಅಂತ ಮನೆಮಂದಿಗೆಲ್ಲ ಹೇಳಿದ್ದಾನೆ. ಕೋವಿಡ್ ಕಾಲದಲ್ಲಿ ಸಾಫ್ಟ್‌ವೇರ್ ಷೇರುಗಳೆಲ್ಲ ಏರಿದ್ದವು, ಅದರಾಗ ನನ್ನ ಜಾಣತನ ಏನೂ ಇಲ್ಲ. 2022ರ ನವೆಂಬರ್‌ನಲ್ಲಿ ಕಂಪನಿ ಎಲ್ ಅಂಡ್ ಟಿ ಇನ್ಫೋಟೆಕ್ ಜೊತೆ ವಿಲೀನವಾಯಿತು, ನೂರಕ್ಕೆ 73ರ ಲೆಕ್ಕದಲ್ಲಿ. ಅವನ 50ಕ್ಕೆ 36 ಷೇರು ಬಂದವು, ಉಳಿದ ಅರ್ಧಕ್ಕೆ ರೊಕ್ಕ.