ಗಾಯ ಮಾಯ್ದ ಮೇಲೂ ನೋವು: ಇದು ನಾಟಕವೇ? ನಿಜಾಂಶ ಇಲ್ಲಿದೆ

ಬೈಕಿನಿಂದ ಬಿದ್ದು ಆರು ತಿಂಗಳಾಗಿದೆ. ಮೂಳೆ ಕೂಡಿದೆ, ಎಕ್ಸ್‌ರೇ ಸರಿಯಿದೆ. ಆದರೂ ನೋವು ಹೋಗಿಲ್ಲ. ಇಂಥವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ: "ಎಲ್ಲಾ ನಿನ್ನ ಭ್ರಮೆ." ಈ ಮಾತು ತಪ್ಪು.

ನೋವು ಹುಟ್ಟುವುದು ಹೇಗೆ?

ಪೆಟ್ಟಾದ ಜಾಗದಿಂದ ನರಗಳು ಎಚ್ಚರಿಕೆಯ ಸಂಕೇತ ಕಳಿಸುತ್ತವೆ. ಅದನ್ನು ನೋವಾಗಿ ಅನುಭವಕ್ಕೆ ತರುವುದು ಮೆದುಳು. ಆ ಸಂಕೇತ ಬೆನ್ನುಹುರಿಯಲ್ಲೇ ಹೆಚ್ಚಬಹುದು ಅಥವಾ ತಗ್ಗಬಹುದು ಎಂದು ವಿಜ್ಞಾನಿಗಳಾದ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ವಿವರಿಸಿದ್ದರು.

1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪ್ರಕರಣ ಪ್ರಕಟವಾಯಿತು. ಕಟ್ಟಡ ಕಾರ್ಮಿಕನೊಬ್ಬನ ಬೂಟಿಗೆ 15 ಸೆಂ.ಮೀ. ಉದ್ದದ ಮೊಳೆ ಹೊಕ್ಕಿತ್ತು. ಮೊಳೆ ಸ್ವಲ್ಪ ಅಲುಗಿದರೂ ತಡೆಯಲಾರದ ನೋವು. ಔಷಧಿ ಕೊಟ್ಟು ಬೂಟು ಬಿಚ್ಚಿದರೆ, ಮೊಳೆ ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು. ಪಾದಕ್ಕೆ ಗಾಯವೇ ಆಗಿರಲಿಲ್ಲ! ಅವನು ನಟಿಸುತ್ತಿರಲಿಲ್ಲ. ಅಪಾಯವಿದೆ ಎಂದು ನಂಬಿದ ಮೆದುಳು ನಿಜವಾದ ನೋವನ್ನೇ ಕೊಟ್ಟಿತ್ತು.

ನೋವು ಉಳಿಯುವುದೇಕೆ?

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಕೆಲವರಲ್ಲಿ ಗಾಯ ಮಾಯ್ದರೂ ನರಮಂಡಲ ಅತಿಸೂಕ್ಷ್ಮವಾಗಿಯೇ ಉಳಿಯುತ್ತದೆ. ಕಳ್ಳ ಬಂದಾಗ ಕೂಗಬೇಕಾದ ಕಾರಿನ ಅಲಾರಂ, ಬೆಕ್ಕು ಹತ್ತಿದರೂ ಕೂಗಿದಂತೆ. ಆತಂಕ, ಖಿನ್ನತೆ, ನಿದ್ದೆಗೇಡು, ಅಪಘಾತದ ಕೆಟ್ಟ ನೆನಪು ಇವೆಲ್ಲ ನೋವನ್ನು ಹೆಚ್ಚಿಸುತ್ತವೆ.

"ಅಲುಗಿದರೆ ಮತ್ತೆ ಏಟಾದೀತು" ಎಂಬ ಹೆದರಿಕೆಯೂ ಹಾಗೆಯೇ. ಹೆದರಿ ಓಡಾಟ ಬಿಟ್ಟರೆ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ. ಆಗ ನೋವು ಹೆಚ್ಚುತ್ತದೆ, ಅದರೊಂದಿಗೆ ಹೆದರಿಕೆಯೂ.

ಏನು ಮಾಡಬೇಕು?

• ಮೂಳೆ ಸರಿಯಾಗಿ ಕೂಡಿದೆಯೇ, ನರಕ್ಕೆ ಪೆಟ್ಟಾಗಿದೆಯೇ ಎಂದು ವೈದ್ಯರಿಂದ ಮೊದಲು ಖಚಿತಪಡಿಸಿಕೊಳ್ಳಿ.
• ಫಿಸಿಯೋಥೆರಪಿಸ್ಟ್ ಹೇಳಿದಂತೆ ಚಲನೆಯನ್ನು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸಿ.
• ನಿದ್ದೆ ಸರಿಪಡಿಸಿಕೊಳ್ಳಿ. ನೋವಿನ ಮಾತ್ರೆಯನ್ನು ನೀವಾಗಿಯೇ ತಿಂಗಳುಗಟ್ಟಲೆ ನುಂಗಬೇಡಿ.
• ಹೆದರಿಕೆ, ಬೇಸರ ಹೆಚ್ಚಿದ್ದರೆ ಆಪ್ತಸಮಾಲೋಚನೆ ಪಡೆಯಿರಿ. ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್: 14416. ಇದು ಹುಚ್ಚಿಗೆ ಚಿಕಿತ್ಸೆಯಲ್ಲ, ನೋವಿನ ಚಿಕಿತ್ಸೆಯದೇ ಒಂದು ಭಾಗ.

ಗಮನಿಸಿ: ಕೈಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ನಿಜಾಂಶ: ನೋವಿನಲ್ಲಿ ಮನಸ್ಸಿನ ಪಾಲಿದೆ ಎಂದರೆ ನೋವು ಸುಳ್ಳು ಎಂದಲ್ಲ. ಮನೆಯವರು ನೋವನ್ನು ನಂಬಿ, ಚಲನೆಗೆ ಧೈರ್ಯ ತುಂಬಿದರೆ ಅದೇ ದೊಡ್ಡ ನೆರವು.