ಸನಾ ಎಲೆಯ ಪಯಣ

ಮಲಬದ್ಧತೆಯ ಬಗ್ಗೆ ಮಾತನಾಡಲು ನಮಗೆ ಸಂಕೋಚ. ಮನೆಯ ಹಿರಿಯರು ನಾಲ್ಕು ದಿನ ಒದ್ದಾಡಿದರೂ ಮಕ್ಕಳ ಮುಂದೆ ಬಾಯಿ ಬಿಡುವುದಿಲ್ಲ. ಹಾಸ್ಟೆಲ್ ಸೇರಿದ ವಿದ್ಯಾರ್ಥಿ ಮೆಸ್ಸಿನ ಊಟವನ್ನು ಬೈಯುತ್ತಾನೆಯೇ ಹೊರತು ಹೊಟ್ಟೆಯ ಕಷ್ಟ ಹೇಳಿಕೊಳ್ಳುವುದಿಲ್ಲ. ಹಳೆಯ ಕಾಲದ ವೈದ್ಯರಿಗೆ ಈ ನಾಚಿಕೆ ಇರಲಿಲ್ಲ. ಈ ತೊಂದರೆಗೆ ಅವರು ದೇಶದೇಶಗಳಿಂದ ಮದ್ದು ಹುಡುಕಿ ತಂದರು. ಆ ಮದ್ದುಗಳ ಹೆಸರುಗಳಲ್ಲೇ ಒಂದು ಚರಿತ್ರೆ ಅಡಗಿದೆ.

ಗ್ರಂದಿಗೆ ಅಂಗಡಿಯಲ್ಲಿ ಸೋನಾಮುಖಿ ಕೇಳಿದರೆ ಸಣ್ಣ ಒಣ ಎಲೆಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಅರಬಿಯಲ್ಲಿ ಇದರ ಹೆಸರು ‘ಸನಾ’. ತಿರ್ಮಿದಿ ಮತ್ತು ಇಬ್ನುಮಾಜಃ ಹದೀಸ್ ಸಂಗ್ರಹಗಳಲ್ಲಿ ಇದರ ಉಲ್ಲೇಖವಿದೆ. ಅಸ್ಮಾ ಬಿಂತ್ ಉಮೈಸ್ (ರ) ಅವರು ಭೇದಿಗಾಗಿ ‘ಶುಬ್ರುಮ್’ ಎಂಬ ಕಳ್ಳಿ ಜಾತಿಯ ಗಿಡವನ್ನು ಬಳಸುತ್ತಿದ್ದರು. ಅದು ಬಹಳ ಉಷ್ಣವೆಂದು ಪ್ರವಾದಿಯವರು (ಸ) ಹೇಳಿದ ಬಳಿಕ ಅವರು ಸನಾ ಎಲೆಯನ್ನು ಉಪಯೋಗಿಸಿದರು. ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದದ್ದು, ಉಗ್ರ ಮದ್ದಿನಿಂದ ಸೌಮ್ಯ ಮದ್ದಿನತ್ತ ಇಟ್ಟ ಹೆಜ್ಜೆಯನ್ನು.

ಯುನಾನಿ ವೈದ್ಯದ ಮೂಲ ಗ್ರೀಸ್. ‘ಯೂನಾನ್’ ಎಂದರೆ ಗ್ರೀಸ್ ಎಂದೇ ಅರ್ಥ. ಆದರೆ ಗ್ರೀಕ್ ವೈದ್ಯರು ಬಳಸುತ್ತಿದ್ದ ಹೆಲ್ಲೆಬೋರ್‌ನಂತಹ ಭೇದಿ ಮದ್ದುಗಳು ರೋಗಿಯ ಜೀವಕ್ಕೇ ಅಪಾಯ ತರುವಷ್ಟು ಕಠೋರ. ಸೌಮ್ಯವಾದವುಗಳನ್ನು ಸೇರಿಸಿದ್ದು ಅರಬಿ ಭಾಷೆಯಲ್ಲಿ ಬರೆದ ವೈದ್ಯರು. ಇದರಲ್ಲಿ ಭಾರತದ ಪಾಲು ದೊಡ್ಡದು. ಖಲೀಫ ಹಾರೂನ್ ರಶೀದರ ಆಳ್ವಿಕೆಯಲ್ಲಿ (786–809) ಬಗ್ದಾದಿನಲ್ಲಿದ್ದ ಮಂಕಾ ಎಂಬ ಭಾರತೀಯ ವೈದ್ಯನನ್ನು ಅರಬ್ ಇತಿಹಾಸಕಾರರು ಹೆಸರಿಸುತ್ತಾರೆ. ಸುಶ್ರುತನ ಗ್ರಂಥ ಅಲ್ಲಿ ಅನುವಾದಗೊಂಡಿತು. 850ರಲ್ಲಿ ಅಲಿ ಇಬ್ನ್ ರಬ್ಬನ್ ತಬರಿ ಬರೆದ ‘ಫಿರ್ದೌಸುಲ್ ಹಿಕ್ಮಃ’ದಲ್ಲಿ ಭಾರತೀಯ ವೈದ್ಯಕ್ಕೇ ಒಂದು ಪ್ರತ್ಯೇಕ ಭಾಗವಿದೆ.

ಈಗ ಹಕೀಮರ ಡಬ್ಬಿಗಳ ಮೇಲಿನ ಹೆಸರುಗಳನ್ನು ಓದಿ ನೋಡಿ. ನಮ್ಮ ಅಳಲೆಕಾಯಿ ಸಂಸ್ಕೃತದಲ್ಲಿ ಹರೀತಕಿ. ಅದು ಪಾರಸಿಯ ದಾರಿಯಲ್ಲಿ ಹೋಗಿ ಅರಬಿಯಲ್ಲಿ ‘ಹಲೀಲಜ್’ ಆಯಿತು. ತ್ರಿಫಲಾ ‘ಇತ್ರೀಫಲ್’ ಆಯಿತು. ಹಕೀಮರು ಅದನ್ನು ಇಂದಿಗೂ ಜೇನು ಬೆರೆಸಿ ಲೇಹ್ಯವಾಗಿ ಕೊಡುತ್ತಾರೆ. ಹುಣಸೆಗೆ ಅರಬರು ಇಟ್ಟ ಹೆಸರು ‘ತಮರ್ ಹಿಂದಿ’, ಅಂದರೆ ಹಿಂದಿನ ಖರ್ಜೂರ. ಇಲ್ಲಿ ‘ಹಿಂದ್’ ಎಂದರೆ ನಮ್ಮ ದೇಶ. ಅತ್ತ ಕಡೆಯಿಂದ ಬಂದ ಹೆಸರುಗಳೂ ಇವೆ. ಇಸಬ್ಗೋಲ್ ಪಾರಸಿ ಪದ, ಅರ್ಥ ‘ಕುದುರೆಯ ಕಿವಿ’. ಬೀಜದ ಆಕಾರವೇ ಹಾಗಿದೆ. ಗುಲ್ಕಂದ್‌ನಲ್ಲಿ ‘ಗುಲ್’ ಪಾರಸಿಯ ಹೂವು, ‘ಕಂದ್’ ಸಂಸ್ಕೃತದ ಖಂಡಸಕ್ಕರೆ. ಇದು ಯಾರ ವೈದ್ಯ ಎಂದು ಜಗಳವಾಡುವವರ ಮುಂದೆ ಒಂದು ಚಮಚ ಗುಲ್ಕಂದ್ ಇಡಬೇಕೆಂದು ನನಗೆ ಅನಿಸುವುದುಂಟು.

ಹಕೀಮರು ಈ ಮದ್ದುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲಿಲ್ಲ. ಮಲವನ್ನು ಮೆದುಗೊಳಿಸುವುದು ‘ಮುಲಯ್ಯಿನ್’, ಭೇದಿ ಮಾಡಿಸುವುದು ‘ಮುಸ್ಹಿಲ್’. ಅಂಜೂರ, ಒಣದ್ರಾಕ್ಷಿ, ಗುಲ್ಕಂದ್ ಮೊದಲ ಗುಂಪಿನವು, ಹೆಚ್ಚಿನವು ಆಹಾರವೇ. ಸನಾದಂತಹ ಎಲೆಯ ಸರದಿ ಬರುವುದು ಆಮೇಲೆ. ಅದನ್ನೂ ಒಂಟಿಯಾಗಿ ಕೊಡುತ್ತಿರಲಿಲ್ಲ. ಹೊಟ್ಟೆ ನುಲಿಯದಂತೆ ಶುಂಠಿ ಅಥವಾ ಗುಲಾಬಿ ಎಸಳನ್ನು ಸೇರಿಸುತ್ತಿದ್ದರು. ಹೀಗೆ ದೋಷ ತಿದ್ದಲು ಬೆರೆಸುವ ವಸ್ತುವಿಗೆ ‘ಮುಸ್ಲಿಹ್’ ಎಂದು ಹೆಸರು.

ಮುಂದೆ ಸನಾ ವ್ಯಾಪಾರದ ಸರಕಾಯಿತು. ನೈಲ್ ನದಿಯ ಮೇಲ್ದಂಡೆಯ ಸೀಮೆಗಳಿಂದ ಬಂದ ಎಲೆ ಅಲೆಕ್ಸಾಂಡ್ರಿಯಾ ಬಂದರಿನಿಂದ ಯೂರೋಪಿಗೆ ಹಡಗೇರುತ್ತಿತ್ತು. ಸಸ್ಯದ ಶಾಸ್ತ್ರೀಯ ಹೆಸರಿನಲ್ಲೇ ಆ ಬಂದರು ಉಳಿದುಕೊಂಡಿದೆ. 19ನೇ ಶತಮಾನದಲ್ಲಿ ತಮಿಳುನಾಡಿನ ತಿರುನೆಲ್ವೇಲಿಯ ಒಣಭೂಮಿಯಲ್ಲಿ ಇದರ ಬೇಸಾಯ ಬೆಳೆಯಿತು. ಔಷಧ ಗ್ರಂಥಗಳು ಆ ಎಲೆಯನ್ನು ‘ತಿನ್ನೆವೆಲ್ಲಿ ಸೆನ್ನಾ’ ಎಂದೇ ಕರೆಯುತ್ತವೆ. 1941ರಲ್ಲಿ ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟೋಲ್ ಮತ್ತು ಸಂಗಡಿಗರು ಎಲೆಯ ಸಾರವಾದ ಸೆನ್ನೊಸೈಡ್‌ಗಳನ್ನು ಬೇರ್ಪಡಿಸಿದರು. ಇವು ದೊಡ್ಡ ಕರುಳನ್ನು ತಲಪಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಒಡೆದಾಗಲೇ ಕೆಲಸ ಶುರು. ರಾತ್ರಿ ತೆಗೆದುಕೊಂಡದ್ದು ಬೆಳಿಗ್ಗೆ ಪರಿಣಾಮ ತೋರಿಸುವುದು ಇದೇ ಕಾರಣಕ್ಕೆ. ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಸನಾ ಇದೆ.

ನಮ್ಮ ಚಿಕ್ಕಮ್ಮ ಸೋನಾಮುಖಿ ಪುಡಿಯನ್ನು ತಿಂಗಳುಗಟ್ಟಲೆ ಪ್ರತಿ ರಾತ್ರಿ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದರು. ಗಿಡಮೂಲಿಕೆ ತಾನೇ, ಏನಾದೀತು ಎಂಬ ಧೈರ್ಯ. ಕೊನೆಗೆ ಕಾಲಲ್ಲಿ ಶಕ್ತಿಯೇ ಇಲ್ಲದೆ ವೈದ್ಯರ ಬಳಿ ಹೋಗಬೇಕಾಯಿತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಮುಲಯ್ಯಿನ್ ಎಲ್ಲಿ ಮುಗಿಯುತ್ತದೆ, ಮುಸ್ಹಿಲ್ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಪುಡಿ ಮಾರಿದವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ವೈದ್ಯರು ಬೇರೆ ಪ್ರಶ್ನೆಗಳನ್ನೂ ಕೇಳಿದರು: ಮಲದಲ್ಲಿ ರಕ್ತ ಕಂಡಿದೆಯೇ, ತೂಕ ಇಳಿದಿದೆಯೇ, ವಾಂತಿ ಇದೆಯೇ? ಹಾಗಿದ್ದರೆ ಮನೆಮದ್ದಿಗೆ ಕಾಯಬಾರದು ಎಂದರು.

ಈಗ ಅವರ ಸ್ಟೀಲ್ ಲೋಟದಲ್ಲಿ ರಾತ್ರಿ ಎರಡು ಅಂಜೂರ ನೆನೆಯುತ್ತವೆ. ಕೆಲವು ದಿನ ಇಸಬ್ಗೋಲ್ ಹೊಟ್ಟು, ಅದೂ ತುಂಬಿದ ಲೋಟ ನೀರಿನೊಂದಿಗೆ. ನೀರು ಕಡಿಮೆಯಾದರೆ ಅದು ಉಬ್ಬಿ ಗಂಟಲಿನಲ್ಲೋ ಕರುಳಿನಲ್ಲೋ ಕಟ್ಟಿಕೊಳ್ಳುತ್ತದೆ. ಸೋನಾಮುಖಿಯ ಡಬ್ಬಿ ಕಪಾಟಿನ ಮೇಲಿನ ಅರೆಗೆ ಹೋಗಿದೆ. ಕೈಗೆ ಸುಲಭವಾಗಿ ಸಿಗಬಾರದೆಂದು ಚಿಕ್ಕಮ್ಮನೇ ಅಲ್ಲಿಟ್ಟರು.